ನಲವತ್ತು ಡಿಗ್ರಿ ನೆರಳು

ದಾವಣಗೆರೆ
18-1-2026

ಭುವನೇಶ್ವರಿ ಅವರಿಗೆ,

ಮಾಲತೇಶ್ ಬರೆಯುತ್ತಿರುವುದು. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಹೆಡ್ ಮಾಸ್ತರಿಗೆ ರಜೆ ಕೇಳಿ ಬರೆದದ್ದೇ ನನ್ನ ಕೊನೆಯ ಪತ್ರ. ನಿಶ್ಚಯದ ದಿನ ನಿಮ್ಮ ಅಜ್ಜಿ ಹಂಪವ್ವನವರು ಎಲ್ಲರ ಎದುರಿಗೆ, "ಮದುವಿ ಆಗೋತನಕ ಫೋನು ಬ್ಯಾಡ. ಮಾತಾಡಂಗಿದ್ರೆ ಕಾಗದ ಬರೀಲಿ, ಕಾಗದ ಬರ್ಯೋನು ಎರಡು ಸಲ ಯೋಚ್ನೆ ಮಾಡ್ತಾನ" ಅಂದಾಗ ತಮಾಷೆ ಅಂದುಕೊಂಡಿದ್ದೆ. ನಿಮ್ಮ ತಂದೆ ಅಜ್ಜಯ್ಯನವರೂ ತಲೆ ಆಡಿಸಿಬಿಟ್ಟರು. ಹರಿಹರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ಆದರೂ ಅಂಚೆಗೆ ಹಾಕುತ್ತಿದ್ದೇನೆ.

ನಮ್ಮವ್ವ ಕೊಟ್ರವ್ವ ನಿಮ್ಮ ಮನೆಯಲ್ಲಿ ನನ್ನನ್ನು ಸೋಲಾರ್ ಇಂಜಿನಿಯರ್ ಅಂದಳಂತೆ. ಅಲ್ಲ. ಮಂಡಿಪೇಟೆಯ ಬಕ್ಕೇಶಪ್ಪನವರ ಅಂಗಡಿಯಲ್ಲಿ ಫಿಟ್ಟರ್. ಮನೆಗಳ ಚಾವಣಿ ಹತ್ತಿ ಪ್ಯಾನೆಲ್ ಕೂರಿಸುತ್ತೇನೆ. ಇದು ಮೊದಲೇ ಗೊತ್ತಿರಲಿ.

ಒಂದು ಸಹಾಯ ಬೇಕು. ಪ್ಯಾನೆಲ್ ಸ್ಟ್ಯಾಂಡು ಎಷ್ಟು ಓರೆ ಇದೆ ಅಂತ ಬಕ್ಕೇಶಪ್ಪ ಡಿಗ್ರಿಯಲ್ಲಿ ಕೇಳುತ್ತಾರೆ. ನಾನು ಟೇಪು ಹಿಡಿದು ಅಡ್ಡ ನಾಲ್ಕು ಅಡಿ, ಎತ್ತರ ಒಂದು ಅಡಿ ಅಂತ ಹೇಳಬಲ್ಲೆ. ಅದು ಎಷ್ಟು ಡಿಗ್ರಿ ಆಯಿತು? ಶಾಲೆಯಲ್ಲಿ ಮೂವತ್ತು, ನಲವತ್ತೈದು, ಅರವತ್ತು, ಈ ಮೂರು ಕೋನ ಬಾಯಿಪಾಠ ಮಾಡಿಸಿದ್ದರು. ಚಾವಣಿ ಮೇಲೆ ಈ ಮೂರು ಬಿಟ್ಟು ಉಳಿದವೇ ಬರುತ್ತವೆ. ನೀವು ಪಿಯುಸಿ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳುತ್ತೀರಂತಲ್ಲ, ನಿಮಗೆ ಸುಲಭ.

ಇನ್ನೊಂದು ಪ್ರಶ್ನೆ. ನೀವು ಬಿ.ಎಸ್ಸಿ. ಕೊನೆಯ ವರ್ಷ. ನಾನು ಎಸ್ಸೆಸ್ಸೆಲ್ಸಿ. ನನ್ನನ್ನು ಯಾಕೆ ಒಪ್ಪಿದಿರಿ?

ಮಾಲತೇಶ್


ಹರಿಹರ
23-1-2026

ಮಾಲತೇಶ್ ಅವರಿಗೆ,

ನಿಮ್ಮ ಪತ್ರವನ್ನು ಅಜ್ಜಿ ಅಂಗೈಯಲ್ಲಿಟ್ಟು ತೂಗಿ ನೋಡಿ ಆಮೇಲೆ ನನಗೆ ಕೊಟ್ಟಳು. ಓದಲು ಬಾರದಿದ್ದರೂ ದಪ್ಪ ಪತ್ರ ಬಂದರೆ ಅನುಮಾನವಂತೆ. ತೆಳ್ಳಗೆ ಬರೆಯುತ್ತಿರಿ.

ಮೊದಲು ಲೆಕ್ಕ. ಟ್ಯಾನ್‌ಗೆ ಕೋನ ಕೊಟ್ಟರೆ ಅದು ಎತ್ತರವನ್ನು ಅಡ್ಡದಿಂದ ಭಾಗಿಸಿದ ಸಂಖ್ಯೆಯನ್ನು ಕೊಡುತ್ತದೆ. ನಿಮ್ಮದು ಉಲ್ಟಾ. ಸಂಖ್ಯೆ ಕೈಯಲ್ಲಿದೆ, ಕೋನ ಗೊತ್ತಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯಬೇಕು. ಆ ಹಿಂದಿನ ನಡಿಗೆಗೆ ಟ್ಯಾನ್ ಇನ್ವರ್ಸ್ ಎನ್ನುತ್ತಾರೆ. ಫೋನಿನ ಕ್ಯಾಲ್ಕುಲೇಟರನ್ನು ಅಡ್ಡ ತಿರುಗಿಸಿದರೆ ಟ್ಯಾನ್ ಪಕ್ಕ ತಲೆಯ ಮೇಲೆ ಸಣ್ಣದಾಗಿ ಮೈನಸ್ ಒಂದು ಹೊತ್ತ ಗುಂಡಿ ಕಾಣುತ್ತದೆ. ಒಂದನ್ನು ಟ್ಯಾನಿನಿಂದ ಭಾಗಿಸಬೇಕು ಎಂದು ಅದರ ಅರ್ಥವಲ್ಲ. ನನ್ನ ಹುಡುಗರೆಲ್ಲ ಮೊದಲ ವಾರ ಆ ತಪ್ಪನ್ನೇ ಮಾಡುತ್ತಾರೆ. ಒಂದನ್ನು ನಾಲ್ಕರಿಂದ ಭಾಗಿಸಿ, ಬಂದದ್ದಕ್ಕೆ ಆ ಗುಂಡಿ ಒತ್ತಿ. ಹದಿನಾಲ್ಕು ಡಿಗ್ರಿ ಬರಬೇಕು. ಬರದಿದ್ದರೆ ಮೇಲೆ ಡಿಗ್ರಿ ಎಂದಿದೆಯೋ ರೇಡಿಯನ್ ಎಂದಿದೆಯೋ ನೋಡಿಕೊಳ್ಳಿ.

ಎರಡನೆಯ ಪ್ರಶ್ನೆಗೆ ಕ್ಯಾಲ್ಕುಲೇಟರಿನಲ್ಲಿ ಗುಂಡಿ ಇಲ್ಲ.

ನೀವು ಇಂಜಿನಿಯರ್ ಅಲ್ಲವೆಂದು ನೀವೇ ಬರೆದದ್ದು ಒಳ್ಳೆಯದಾಯಿತು. ಅಪ್ಪನಿಗೆ ಮೊದಲೇ ಗೊತ್ತಿತ್ತು, ನನಗೂ ಗೊತ್ತಿತ್ತು.

ಭುವನೇಶ್ವರಿ


ದಾವಣಗೆರೆ
31-1-2026

ಭುವನ,

ನೀನು ಅಂತ ಬರೆಯುತ್ತೇನೆ, ಬೇಸರ ಇಲ್ಲ ತಾನೇ?

ಹದಿನಾಲ್ಕು ಡಿಗ್ರಿ ಬಂತು. ಈಗ ಕಂಡದ್ದಕ್ಕೆಲ್ಲ ಟೇಪು ಹಿಡಿದು ಗುಂಡಿ ಒತ್ತುತ್ತಿದ್ದೇನೆ. ನಮ್ಮ ಮನೆ ಏಣಿ, ಅಂಗಡಿ ಮುಂದಿನ ತಗಡು, ನಿಲ್ಲಿಸಿದ ಬೈಕು ಎಷ್ಟು ವಾಲಿದೆ ಅಂತ. ಬಕ್ಕೇಶಪ್ಪ ಕೇಳಿದ ಕೂಡಲೇ ಹೇಳಿದೆ. ಅವರು ಕನ್ನಡಕ ಮೇಲೆತ್ತಿ, "ಏನಲೇ, ಬೀಗರ ಮನಿಯಿಂದ ವರದಕ್ಷಿಣಿ ಬದಲು ಡಿಗ್ರಿ ತಗಂಡು ಬಂದಿಯಾ?" ಅಂದರು. ಸಿದ್ದು ಬಿದ್ದು ಬಿದ್ದು ನಕ್ಕ. ಸಿದ್ದು ಅಂದರೆ ನನ್ನ ಜೊತೆ ಚಾವಣಿ ಹತ್ತುವವನು, ಡಿಪ್ಲೊಮಾ ಮಾಡಿದ್ದಾನೆ. ನಿಶ್ಚಯದ ದಿನ ಎಲ್ಲರ ಫೋಟೋ ತೆಗೆದನಲ್ಲ, ನೀನು ನಕ್ಕಿದ್ದು ಅವನು ಏನೋ ಹೇಳಿದಾಗಲೇ. ಏನು ಹೇಳಿದ ಅಂತ ಅವನನ್ನು ಕೇಳಿದೆ. ನೆನಪಿಲ್ಲ ಅಂದ.

ಎರಡನೇ ಪ್ರಶ್ನೆಗೆ ನೀನು ಉತ್ತರ ಕೊಡಲಿಲ್ಲ. ಚೆನ್ನಾಗಿ ಜಾರಿಕೊಂಡೆ. ನನ್ನ ಗೆಳೆಯ ಯೋಗರಾಜ್ ಆಟೋ ಓಡಿಸುತ್ತಾನೆ. ಅವನ ತಂಗಿ ನಿನ್ನ ಕಾಲೇಜಿನಲ್ಲೇ, ನಿನ್ನ ಕ್ಲಾಸಿನಲ್ಲೇ ಇದ್ದಾಳೆ. ಅವನು ಹೇಳುವುದು ಬೇರೆ: "ಜಾಸ್ತಿ ಓದಿದಾಕಿ ಕಮ್ಮಿ ಓದಿದೋನ್ನ ಒಪ್ಪಿದ್ಲು ಅಂದ್ರೆ ಏನೋ ಮುಚ್ಚಿಡಾಕ ಐತೆ ಅಂತ ತಿಳ್ಕಾ." ನಾನು ಅವನಿಗೆ ಬೈದೆ. ಆದರೆ ಮಾತು ಕಿವಿಯಿಂದ ಹೊರಗೆ ಹೋಗುತ್ತಿಲ್ಲ.

ಒಂಬತ್ತನೇ ತಾರೀಕಿನಿಂದ ಶಾಮನೂರಿನ ಹೊಸ ಲೇಔಟಿನಲ್ಲಿ ಕೆಲಸ. ಬಸ್ಸಿಳಿದರೆ ಎದುರಿಗೇ ಕಾಣುವ ಎರಡಂತಸ್ತಿನ ಮನೆ. ನಮ್ಮ ಮನೆಗೂ ಹತ್ತಿರ, ಮಧ್ಯಾಹ್ನ ಬಿಸಿ ಊಟ ಸಿಗುತ್ತದೆ.

ಮಾರ್ಚ್ ಒಂದಕ್ಕೆ ಎರಡೂ ಮನೆಯವರು ಸೇರಿ ಜವಳಿ ತರುವುದು ಅಂತ ಅವ್ವ ಗೊತ್ತು ಮಾಡಿದ್ದಾಳೆ. ಸೀರೆಯ ಬಣ್ಣ ಬರೆದು ತಿಳಿಸು.

ಮಾಲತೇಶ್


ಹರಿಹರ
11-2-2026

ಮಾಲತೇಶ್ ಅವರಿಗೆ,

ಹತ್ತು ದಿನ ತಡ ಮಾಡಿದೆ ಎಂದು ಬೈದುಕೊಂಡಿರಬೇಕು. ಪ್ರಾಕ್ಟಿಕಲ್ ಇತ್ತು, ಟ್ಯೂಷನ್ ಹುಡುಗರಿಗೂ ಪರೀಕ್ಷೆ ಹತ್ತಿರ ಬಂತು.

ನಿನ್ನೆ ಬೆಳಿಗ್ಗೆ ಕಾಲೇಜಿತ್ತು. ಮಧ್ಯಾಹ್ನದ ಮೇಲೆ ಸುನೀತಾ ಜೊತೆ ಹೊಳೆಗೆ ಹೋದೆ. ಸುನೀತಾ ಎಂದರೆ ಪಕ್ಕದ ಮನೆಯವಳು, ಎಲ್ಲದಕ್ಕೂ ನನ್ನ ಜೊತೆ. ಅವಳೇ ಈ ಫೋಟೋ ತೆಗೆದಳು. ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಕಳಿಸಿದ್ದೇನೆ. ಅಜ್ಜಿಗೆ ಪತ್ರ ಸ್ವಲ್ಪ ದಪ್ಪ ಎನ್ನಿಸಬಹುದು, ನೋಡೋಣ. ನಾನು ಕೈಯಿಟ್ಟಿರುವ ಕಂಬ ಮೇಲಿನ ಮೆಟ್ಟಿಲಿನದು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಅದಕ್ಕೇ ಮುಖ ಹಾಗೆ ಕೆಂಪಾಗಿದೆ.

ಸೀರೆಯ ಬಣ್ಣ ನೀವೇ ಹೇಳಿ. ನಿನ್ನೆಯವರೆಗೆ ನನಗೆ ಯಾವ ಬಣ್ಣವಾದರೂ ಒಂದೇ ಆಗಿತ್ತು. ಈಗ ಹಾಗಿಲ್ಲ, ನಿಮಗಿಷ್ಟದ್ದು ಉಡಬೇಕು ಎನ್ನಿಸುತ್ತದೆ. ಯಾಕೆ ಎಂದು ಈಗ ಕೇಳಬೇಡಿ.

ಚಾವಣಿ ಮೇಲೆ ಅಂಚಿಗೆ ಹೋಗಿ ನಿಲ್ಲಬೇಡಿ. ಆ ನೀಲಿ ಟ್ಯಾಂಕಿನ ಮನೆಯವರು ಆಮೇಲೆ ಜಗಳ ಆಡಲಿಲ್ಲ ತಾನೇ?

ಭುವನ


ದಾವಣಗೆರೆ
16-2-2026

ಭುವನೇಶ್ವರಿ ಅವರಿಗೆ,

ಪತ್ರ ತಲುಪಿತು. ಫೋಟೋ ಚೆನ್ನಾಗಿದೆ. ಅವ್ವ ದೇವರ ಪಕ್ಕ ಇಟ್ಟಳು, ನಾನು ತೆಗೆದು ನನ್ನ ಬಳಿ ಇಟ್ಟುಕೊಂಡಿದ್ದೇನೆ.

ಸುಮ್ಮನೆ ಕೇಳುತ್ತೇನೆ. ಹತ್ತನೇ ತಾರೀಕು ಬೆಳಿಗ್ಗೆ ಕಾಲೇಜಿನಲ್ಲಿ ಯಾವ ಕ್ಲಾಸು ಇತ್ತು? ಹೊಳೆಗೆ ಹೋದದ್ದು ಎಷ್ಟು ಗಂಟೆಗೆ? ಸುನೀತಾ ಬಿಟ್ಟು ಬೇರೆ ಯಾರಾದರೂ ಇದ್ದರಾ?

ಇಲ್ಲಿ ಕೆಲಸ ನಡೆಯುತ್ತಿದೆ. ಸಿದ್ದು ಹತ್ತನೇ ತಾರೀಕು ರಜೆ ಹಾಕಿದ್ದ. ಸಾರಥಿಯಲ್ಲಿ ಅವನ ಅತ್ತೆ ಮನೆ ಇದೆ, ಅಲ್ಲಿಗೆ ಹೋಗಿದ್ದೆ ಅಂದ. ಸಾರಥಿ ನಿಮ್ಮ ಹರಿಹರದ ಪಕ್ಕದಲ್ಲೇ ಅಲ್ಲವಾ?

ಬಣ್ಣದ ವಿಷಯ ಆಮೇಲೆ ನೋಡೋಣ.

ಮಾಲತೇಶ್


ಹರಿಹರ
20-2-2026

ಮಾಲತೇಶ್ ಅವರಿಗೆ,

ಒಂದೇ ಪತ್ರದಲ್ಲಿ ಮೂರು ಪ್ರಶ್ನೆ. ನನ್ನ ಹುಡುಗರೂ ಇಷ್ಟು ಕೇಳುವುದಿಲ್ಲ.

ಬೆಳಿಗ್ಗೆ ಎರಡು ಕ್ಲಾಸು ಇತ್ತು, ಎರಡೂ ಮ್ಯಾಥ್ಸ್. ಹೊಳೆಗೆ ಹೋದಾಗ ಮೂರು ಮೂರೂವರೆ ಆಗಿತ್ತು. ಸುನೀತಾ ಬಿಟ್ಟರೆ ಬಟ್ಟೆ ಒಗೆಯುವವರು ಇದ್ದರು, ಎರಡು ಎಮ್ಮೆ ಇದ್ದವು. ಎಮ್ಮೆಗಳ ಹೆಸರು ಕೇಳಲಿಲ್ಲ.

ಸಾರಥಿ ಪಕ್ಕದಲ್ಲೇ ಎನ್ನಬಹುದು. ಯಾಕೆ?

ನಿಮ್ಮ ಪತ್ರ ಈ ಸಲ ತುಂಬಾ ತೆಳ್ಳಗಿದೆ ಎಂದು ಅಜ್ಜಿಯೇ ಹೇಳಿದಳು. ಮೈಗೆ ಹುಷಾರಿಲ್ಲವೇ?

ಭುವನ


ದಾವಣಗೆರೆ
24-2-2026

ಭುವನೇಶ್ವರಿ ಅವರಿಗೆ,

ಇನ್ನು ಸುತ್ತಿ ಬಳಸಿ ಬರೆಯುವುದಿಲ್ಲ.

ಹತ್ತನೇ ತಾರೀಕು ಬೆಳಿಗ್ಗೆ ನೀವು ಕಾಲೇಜಿಗೆ ಹೋಗಿಲ್ಲ. ಯೋಗರಾಜನ ತಂಗಿ ಎರಡೂ ಕ್ಲಾಸಿನಲ್ಲಿ ಇದ್ದಳು, ನೀವು ಇರಲಿಲ್ಲ. ಒಂದು ಸಲ ತಪ್ಪಿ ಬರೆದಿರಬಹುದು ಅಂತ ಮತ್ತೆ ಕೇಳಿದೆ. ಮತ್ತೆ ಅದನ್ನೇ ಬರೆದಿರಿ.

ನಿನ್ನೆ ಮೊನ್ನೆ ನಿದ್ದೆ ಇಲ್ಲ. ಭಾನುವಾರ ಹರಿಹರಕ್ಕೆ ಬಂದಿದ್ದೆ. ನಿಮ್ಮ ಮನೆಗೆ ಬರಲಿಲ್ಲ. ಫೋಟೋ ಹಿಡಿದುಕೊಂಡು ಹೊಳೆಗೆ ಹೋದೆ, ಜೇಬಿನಲ್ಲಿ ಟೇಪು ಇತ್ತು. ನೀವು ಕೈಯಿಟ್ಟ ಕಂಬ ಸಿಕ್ಕಿತು. ಎತ್ತರ ನಲವತ್ತೆರಡು ಇಂಚು. ಫೋಟೋದಲ್ಲಿ ಕಂಬದ ನೆರಳಿನ ತುದಿ ಒಂದು ಒಡೆದ ಹಾಸುಗಲ್ಲಿನ ಮೂಲೆಗೆ ಮುಟ್ಟಿದೆ. ಬುಡದಿಂದ ಆ ಮೂಲೆಗೆ ಐವತ್ತು ಇಂಚು. ನಲವತ್ತೆರಡನ್ನು ಐವತ್ತರಿಂದ ಭಾಗಿಸಿ ನೀವೇ ಹೇಳಿಕೊಟ್ಟ ಗುಂಡಿ ಒತ್ತಿದೆ. ನಲವತ್ತು ಡಿಗ್ರಿ. ಸೂರ್ಯ ಅವತ್ತು ಅಷ್ಟು ಎತ್ತರದಲ್ಲಿದ್ದ. ಯಾವ ದಿನ ಎಷ್ಟು ಗಂಟೆಗೆ ಸೂರ್ಯ ಎಷ್ಟು ಡಿಗ್ರಿ ಮೇಲಿರುತ್ತಾನೆ ಅಂತ ತೋರಿಸುವ ಆ್ಯಪು ನಮ್ಮ ಫಿಟ್ಟರುಗಳ ಫೋನಿನಲ್ಲೆಲ್ಲ ಇದೆ. ಹತ್ತನೇ ತಾರೀಕು ಹಾಕಿ ನೋಡಿದೆ. ಬೆಳಿಗ್ಗೆ ಹತ್ತಕ್ಕೆ ನಲವತ್ತು.

ಹತ್ತು ಗಂಟೆಗೆ ನೀವು ಹೊಳೆ ಹತ್ತಿರ ಇದ್ದಿರಿ. ಮೂರೂವರೆಗಲ್ಲ.

ಇನ್ನೂ ಇದೆ. ಶಾಮನೂರಿನ ಮನೆಯಲ್ಲಿ ನೀಲಿ ಟ್ಯಾಂಕು ಇದೆ ಅಂತ ನಾನು ನಿಮಗೆ ಬರೆದೇ ಇಲ್ಲ. ಜಗಳ ಆದದ್ದೂ ಬರೆದಿಲ್ಲ. ಜಗಳ ಆದದ್ದು ಹತ್ತನೇ ತಾರೀಕು ಬೆಳಿಗ್ಗೆ. ಅವತ್ತು ಮಧ್ಯಾಹ್ನ ಫೋನಿನಲ್ಲಿ ಸಿದ್ದು ಒಬ್ಬನಿಗೇ ಹೇಳಿದ್ದೆ. ಅವತ್ತು ಸಿದ್ದು ರಜೆಯಲ್ಲಿ, ಹರಿಹರದ ಪಕ್ಕ. ನಿಮ್ಮ ಫೋಟೋ ಯಾರು ತೆಗೆದರು ಅಂತ ಈಗ ಗೊತ್ತಾಯಿತು. ನಿಶ್ಚಯದ ದಿನ ಯಾಕೆ ನಕ್ಕಿರಿ ಅನ್ನುವುದೂ.

ಅವ್ವನಿಗೆ ಜವಳಿ ಈಗ ಬ್ಯಾಡ ಅಂತ ಹೇಳಿದ್ದೇನೆ. ಯಾಕ ಅಂತ ಕೇಳಿದಳು. ಹುಡುಗಿ ಕಡೆ ಏನೋ ಐತೆ ಅಂದೆ.

ನನ್ನನ್ನು ಯಾಕೆ ಒಪ್ಪಿದಿರಿ ಅಂತ ಮೊದಲ ಪತ್ರದಲ್ಲೇ ಕೇಳಿದ್ದೆ. ಈಗ ಬರೆಯಿರಿ.

ಮಾಲತೇಶ್


ದಾವಣಗೆರೆ
6-3-2026

ಭುವನೇಶ್ವರಿ ಅವರಿಗೆ,

ಉತ್ತರ ಇಲ್ಲ. ಉತ್ತರ ಇಲ್ಲದ್ದೇ ಉತ್ತರ ಅಂತ ಯೋಗರಾಜ್ ಹೇಳುತ್ತಾನೆ.

ಜವಳಿ ದಿನ ಕಳೆದುಹೋಯಿತು. ಅವ್ವ ಅವತ್ತಿಡೀ ಬಾಗಿಲಲ್ಲೇ ಕೂತಿದ್ದಳು.

ಸಿದ್ದು ಜೊತೆ ಜಗಳ ಆಯಿತು. ಚಾವಣಿ ಮೇಲೆಯೇ ಕೇಳಿಬಿಟ್ಟೆ. ಅವನು ಮೊದಲು ನಕ್ಕ, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಅತ್ತೆ ಮನಿ ಬೋರಿನ ಮೋಟ್ರು ಎತ್ತಾಕ ಹೋಗಿದ್ದೆ ಕಣೋ, ಬೇಕಾರೆ ಸಾರಥಿಗೆ ಬಂದು ಕೇಳು" ಅಂದ. ನಾನು ಅಂಗಿ ಹಿಡಿದೆ. ಬಕ್ಕೇಶಪ್ಪ ಕೆಳಗಿನಿಂದ ಕೂಗಿದರು. ಮಾರನೇ ದಿನದಿಂದ ಸಿದ್ದು ಕೆಲಸಕ್ಕೆ ಬರುತ್ತಿಲ್ಲ. ತಪ್ಪಿಲ್ಲದವನು ಯಾಕೆ ಓಡಿಹೋಗುತ್ತಾನೆ?

ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಬರೆಯಿರಿ.

ಮಾಲತೇಶ್


ಹರಿಹರ
11-3-2026

ಮಾಲತೇಶ್ ಅವರಿಗೆ,

ನಿಮ್ಮ ಎರಡೂ ಪತ್ರ ನನಗೆ ಸಿಕ್ಕಿದ್ದು ಮೊನ್ನೆ. ನಿಮ್ಮ ತಾಯಿ ಜವಳಿ ಬೇಡವೆಂದು ಫೋನ್ ಮಾಡಿದ ದಿನದಿಂದ ಅಪ್ಪ ಅಂಚೆಯವನ ಕೈಯಿಂದ ತಾನೇ ತೆಗೆದುಕೊಂಡು ಅಟ್ಟದ ಮೇಲೆ ಇಡುತ್ತಿದ್ದ. ಒಡೆದು ನೋಡಿರಲಿಲ್ಲ. ಅಜ್ಜಿ ಗಲಾಟೆ ಮಾಡಿ ಕೊಡಿಸಿದಳು.

‘ಏನೋ ಐತೆ’ ಎಂಬ ಮಾತು ನಿಮ್ಮ ಪತ್ರಕ್ಕಿಂತ ಮೊದಲೇ ಇಲ್ಲಿಗೆ ಬಂದು ಮುಟ್ಟಿದೆ. ನಾಲ್ಕು ಮನೆಯವರು ಮಕ್ಕಳನ್ನು ಟ್ಯೂಷನ್ ಬಿಡಿಸಿದರು. ಒಬ್ಬ ತಾಯಿ ಬಾಗಿಲಲ್ಲೇ ನಿಂತು ಕೇಳಿದರು: "ಏನಾತವ್ವ ನಿಂದು? ಹುಡುಗ ಒಲ್ಲೆ ಅಂದ್ನಂತೆ, ಹೊಳೀ ತಾವ ಯಾರೋ ಕಂಡಿದ್ರಂತೆ?" ಅಪ್ಪ ಒಳಗಿನಿಂದ ಕೇಳಿಸಿಕೊಂಡ. ಅವತ್ತಿನಿಂದ ನನ್ನ ಜೊತೆ ಮಾತು ಕಡಿಮೆ.

ಈಗ ನಿಮ್ಮ ಲೆಕ್ಕ. ನಲವತ್ತೆರಡು ಭಾಗ ಐವತ್ತು ಸರಿ. ಟ್ಯಾನ್ ಇನ್ವರ್ಸ್ ಸರಿ. ನಲವತ್ತು ಡಿಗ್ರಿ ಸರಿ. ನಾನೇ ಹೋಗಿ ಅಳೆದಿದ್ದರೂ ಇಷ್ಟೇ ಬರುತ್ತಿತ್ತು. ಆ ಆ್ಯಪಿನಲ್ಲಿ ಬೆಳಿಗ್ಗೆಯಿಂದ ಕೆಳಗೆ ಬರುತ್ತಾ ನಲವತ್ತು ಕಂಡ ಕೂಡಲೇ ನಿಲ್ಲಿಸಿದ್ದೀರಿ. ಇನ್ನೂ ಕೆಳಗೆ ಹೋಗಿದ್ದರೆ ಮಧ್ಯಾಹ್ನ ಮೂರೂವರೆಯ ಹತ್ತಿರ ಮತ್ತೆ ನಲವತ್ತು ಸಿಗುತ್ತಿತ್ತು. ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ಎರಡರಲ್ಲಿ ಯಾವುದು ಎಂದು ತಿಳಿಯಲು ಟೇಪು ಕೂಡ ಬೇಕಿರಲಿಲ್ಲ. ಹೊಳೆ ನಮ್ಮ ಊರಿಗೆ ಪಡುವಣಕ್ಕಿದೆ. ಫೋಟೋದಲ್ಲಿ ಕಂಬದ ನೆರಳು ಹೊಳೆಗೆ ಬೆನ್ನು ಹಾಕಿ ಊರ ಕಡೆ ಬಿದ್ದಿದೆ. ಬೆಳಿಗ್ಗೆಯಾಗಿದ್ದರೆ ಹೊಳೆಯ ಕಡೆ ಬೀಳಬೇಕಿತ್ತು. ನೀವು ಅದೇ ಕಲ್ಲಿನ ಮೇಲೆ ನಿಂತಿದ್ದಿರಿ. ಉದ್ದ ಅಳೆದಿರಿ, ಯಾವ ಕಡೆ ಬಿದ್ದಿದೆ ಎಂದು ನೋಡಲಿಲ್ಲ.

ಇದು ನಿಮಗೆ ಗೊತ್ತಿಲ್ಲದ್ದಲ್ಲ. ಗೊತ್ತಿದೆ ಎಂದು ನನಗೆ ಗೊತ್ತು. ಅವತ್ತು ಹತ್ತು ಗಂಟೆಗೆ ನಾನು ನಿಮ್ಮ ಎದುರಿಗೇ ಇದ್ದೆ.

ಕಾಲೇಜಿಗೆ ಹೋಗಲಿಲ್ಲ, ನಿಜ. ಸುಳ್ಳು ಬರೆದೆ, ಎರಡು ಸಲ. ಸುನೀತಾಳನ್ನು ಕರೆದುಕೊಂಡು ಶಾಮನೂರಿನ ಬಸ್ಸು ಹತ್ತಿದ್ದೆ. ನೀವು ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರವೇ ಇರಲಿಲ್ಲ. ನಿಮ್ಮನ್ನು ಒಪ್ಪಿದವನು ಅಪ್ಪ. ನಾನು ತಲೆ ತಗ್ಗಿಸಿ ಕೂತಿದ್ದೆ, ಅದನ್ನೇ ಎಲ್ಲರೂ ಒಪ್ಪಿಗೆ ಎಂದುಕೊಂಡರು. ಇವರು ಯಾರು, ಹೇಗೆ ಮಾತಾಡುತ್ತಾರೆ, ಯಾರೂ ನೋಡದಾಗ ಹೇಗಿರುತ್ತಾರೆ, ನನಗೇನೂ ಗೊತ್ತಿರಲಿಲ್ಲ. ನನಗೂ ಅನುಮಾನವಿತ್ತು ಎಂದೇ ಹೇಳಿ. ಎದುರು ಮನೆ ಇನ್ನೂ ಕಟ್ಟುತ್ತಿದ್ದರಲ್ಲ, ಅದರ ಗೋಡೆಯ ಮರೆಯಲ್ಲಿ ನಿಂತು ನೋಡಿದೆವು.

ನೀವು ಚಾವಣಿಯಲ್ಲಿ ಒಬ್ಬರೇ ಇದ್ದಿರಿ. ಮನೆಯ ಯಜಮಾನರು ಮೇಲೆ ಬಂದು ಪ್ಯಾನೆಲ್ ರಸ್ತೆಗೆ ಕಾಣದ ಹಾಗೆ ನೀಲಿ ಟ್ಯಾಂಕಿನ ಪಕ್ಕದಲ್ಲೇ ಇರಲಿ ಎಂದು ಕೂಗುತ್ತಿದ್ದರು. ನೀವು ಆಗಲೇ ಅಲ್ಲಿ ಬೋಲ್ಟು ಬಿಗಿದಿದ್ದಿರಿ. ಸುಮ್ಮನೆ ಇಳಿದು ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ನೀವು ಟ್ಯಾಂಕಿನ ಪಕ್ಕ ಒಂದು ಕೋಲು ನಿಲ್ಲಿಸಿ ಅವರಿಗೆ ತೋರಿಸಿದಿರಿ. ನಿಮ್ಮ ದನಿ ರಸ್ತೆಗೇ ಕೇಳಿಸುತ್ತಿತ್ತು: "ಈಗ ಬಿಸಿಲು ಚಲೋ ಐತ್ರಿ, ಒಪ್ತೀನಿ. ಮಧ್ಯಾಹ್ನ ಮೂರರ ಮ್ಯಾಲೆ ಈ ಟ್ಯಾಂಕಿನ ನೆರಳು ತಿರುಗಿ ಇಲ್ಲೇ ಬೀಳ್ತತಿ. ಬೆಳಗ್ಗೆದಷ್ಟೇ ನೋಡಿ ಕೂಡ್ರಿಸಿದ್ರೆ ನಿಮಗ ಅರ್ಧ ದಿನದ ಕರೆಂಟು ಹೋಗ್ತತಿ. ಬೈದ್ರೂ ಪರವಾಗಿಲ್ಲ, ನಾನು ಬಿಚ್ತೀನಿ." ಅವರು ಬೈದರು. ನೀವು ಬಿಚ್ಚಿದಿರಿ, ಒಬ್ಬರೇ ಹೊತ್ತು ಆಚೆ ಕಡೆ ಕೂರಿಸಿದಿರಿ.

ಸುನೀತಾ ನನ್ನ ಮುಖ ನೋಡಿ, "ನಡಿಯೇ, ಸಾಕು ನೋಡಿದ್ದು, ಬಸ್ಸು ಹೋಗ್ತತಿ" ಎಂದಳು. ಊರಿಗೆ ಬಂದ ಮೇಲೂ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಹೊಳೆಗೆ ಹೋದೆವು. ಬಿಸಿಲಿಗೆ ಆ ಮುಖ ಎಂದು ಬರೆದದ್ದೂ ಸುಳ್ಳೇ. ನನ್ನನ್ನು ಯಾಕೆ ಒಪ್ಪಿದಿರಿ ಎಂದು ಕೇಳುತ್ತಿದ್ದಿರಲ್ಲ, ಅವತ್ತು ಒಪ್ಪಿದೆ.

ಕದ್ದು ನೋಡಲು ಹೋಗಿದ್ದೆ ಎಂದು ಬರೆಯಲು ನಾಚಿಕೆಯಾಯಿತು, ಹೆದರಿಕೆಯೂ. ಮದುವೆಯ ದಿನ ಹೇಳೋಣವೆಂದು ಇಟ್ಟುಕೊಂಡಿದ್ದೆ.

ಸಿದ್ದು ಎಂಬುವರನ್ನು ನಿಶ್ಚಯದ ದಿನ ಬಿಟ್ಟರೆ ನಾನು ಕಂಡಿಲ್ಲ. ಅವತ್ತು ಅವರು ಹೇಳಿದ್ದು, ‘ತಂಗಿ, ಹುಡುಗನ ಕೂದಲು ನೋಡು, ಪ್ಯಾನೆಲ್ ತರ ಒಂದೇ ಕಡೆ ಬಾಚಿದಾನೆ’ ಎಂದು.

ಭುವನೇಶ್ವರಿ


ದಾವಣಗೆರೆ
17-3-2026

ಭುವನೇಶ್ವರಿ ಅವರಿಗೆ,

ಗೊತ್ತಿತ್ತು. ಆ್ಯಪಿನಲ್ಲಿ ಕೆಳಗೆ ಹೋದರೆ ಇನ್ನೊಂದು ನಲವತ್ತು ಇದೆ ಅಂತ ನನಗೆ ಗೊತ್ತಿತ್ತು. ಬೆರಳು ಹೋಗಲಿಲ್ಲ. ಹತ್ತು ಗಂಟೆ ಅಂತ ಕಂಡಾಗ ನಾನು ಅಂದುಕೊಂಡದ್ದೇ ನಿಜ ಆಯಿತು ಅಂತ ಒಂಥರಾ ಸಮಾಧಾನ ಆಯಿತು. ಅದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. ಇದಕ್ಕಿಂತ ಸರಿಯಾಗಿ ಬರೆಯಲು ನನಗೆ ಬರುವುದಿಲ್ಲ.

ನಿಮ್ಮ ಪತ್ರ ಓದಿ ಮೊದಲು ಸಿದ್ದು ಮನೆಗೆ ಹೋದೆ. ಅವನ ಅವ್ವ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಳು. ಅವನು ಹೊರಗೆ ಬರಲಿಲ್ಲ. ಬೇರೆ ಅಂಗಡಿ ಸೇರಿದ್ದಾನಂತೆ.

ಮೊನ್ನೆ ಭಾನುವಾರ ಅವ್ವನ ಜೊತೆ ನಿಮ್ಮ ಮನೆಗೆ ಬಂದದ್ದು ನಿಮಗೆ ಗೊತ್ತೇ ಇದೆ. ನಿಮ್ಮ ತಂದೆ ಕೂಡ್ರಿ ಅಂದರು. ಅಕ್ಕಪಕ್ಕದವರು ಇಬ್ಬರು ಬಂದು ಜಗುಲಿ ಮೇಲೆ ಕೂತಿದ್ದರು. ಒಳ್ಳೆಯದೇ ಆಯಿತು ಅಂದುಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಹುಡುಗಿ ಕಡೆ ಏನೂ ಇಲ್ಲ. ಏನೋ ಐತೆ ಅಂದೋನು ನಾನೇ, ತಪ್ಪು ನಂದೇ." ನಿಮ್ಮ ಅಜ್ಜಿ ಎಲೆ ಅಡಿಕೆ ಕುಟ್ಟುವುದು ನಿಲ್ಲಿಸಿ ನನ್ನನ್ನು ನೋಡಿದರು. "ಬಾಯಿಂದ ಬಂದಿದ್ದು ಊರೆಲ್ಲ ತಿರುಗಿ ಬಂತು ತಮ್ಮಾ. ಈಗ ನಮ್ಮ ಜಗುಲಿ ಮ್ಯಾಲೆ ಹೇಳಿದ್ರೆ ಅದು ಎಲ್ಲಿತಂಕ ಹೋದೀತು?" ಅಂದರು. ಆಮೇಲೆ ತಾವೇ ಎದ್ದು ನನಗೆ ನೀರು ತಂದು ಕೊಟ್ಟರು.

ಜವಳಿಗೆ ಇನ್ನೊಂದು ದಿನ ನೋಡೋಣವಾ ಅಂತ ಅವ್ವ ಕೇಳಿದಳು. ನಿಮ್ಮ ತಂದೆ, "ಈ ಸಲ ಹುಡುಗೀನ ಕೇಳಿ ಹೇಳ್ತೀನಿ" ಅಂದರು. ಕೇಳಿದರಾ?

ನೀವು ಒಳಗಿದ್ದೀರಿ ಅಂತ ಹೇಳಿದರು, ಹೊರಗೆ ಬರಲಿಲ್ಲ. ಬರಲಿ ಅಂತ ನಾನು ಕೇಳುವ ಹಾಗೂ ಇರಲಿಲ್ಲ. ಹೊರಡುವಾಗ ನೋಡಿದೆ, ಬಾಗಿಲ ಹತ್ತಿರ ನಿಮ್ಮ ಚಪ್ಪಲಿ ಇರಲಿಲ್ಲ. ಎಲ್ಲಿಗೆ ಹೋಗಿದ್ದಿರಿ ಅಂತ ನಾನು ಕೇಳುವುದಿಲ್ಲ. ಇನ್ನು ಮೇಲೆ ಯಾವತ್ತೂ ಕೇಳುವುದಿಲ್ಲ.

ನಿಮ್ಮ ಮಾತಿಗೆ ಕಾಯುತ್ತಿದ್ದೇನೆ.

ಮಾಲತೇಶ್


ಹರಿಹರ
23-3-2026

ಮಾಲತೇಶ್ ಅವರಿಗೆ,

ನೀವು ಜಗುಲಿಯ ಮೇಲೆ ಹೇಳಿದ್ದನ್ನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಅಷ್ಟು ಜನರ ಎದುರು ಹಾಗೆ ಹೇಳುವುದು ಸುಲಭವಲ್ಲ. ಈ ವಾರ ಇಬ್ಬರು ಹುಡುಗರು ಟ್ಯೂಷನ್ನಿಗೆ ವಾಪಸ್ ಬಂದರು. ಅಪ್ಪ ಮೊದಲಿನ ಹಾಗೆ ಮಾತಾಡುತ್ತಿದ್ದಾನೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಸುಳ್ಳು ನನ್ನದೂ ಇತ್ತು.

ನಿಮ್ಮ ಪತ್ರ ಬಂದ ದಿನ ಚಪ್ಪಲಿ ಎಲ್ಲಿತ್ತು ಎಂದು ಬರೆಯಲು ಕೂತೆ. ಹಿತ್ತಿಲ ಬಾಗಿಲು, ಕೊಟ್ಟಿಗೆ, ಯಾರು ನೋಡಿದ್ದರು ಎಂದೆಲ್ಲ ಅರ್ಧ ಪುಟ ಬರೆದು ಹರಿದು ಹಾಕಿದೆ.

ಅಪ್ಪ ನನ್ನನ್ನು ಕೇಳಿದ. ಯೋಚನೆ ಮಾಡಿ ಹೇಳುತ್ತೇನೆ ಎಂದಿದ್ದೆ. ಮನಸ್ಸು ಮುಕ್ಕಾಲು ಹೂಂ ಎನ್ನುತ್ತಿತ್ತು. ನಿನ್ನೆ ಪೇಟೆಗೆ ಕೊತ್ತಂಬರಿ, ಮೆಣಸಿನಕಾಯಿ ತರಲು ಹೋದೆ. ಕೊಂಡಾದ ಮೇಲೆ ಅಂಗಡಿಯವರನ್ನು ಟೈಮ್ ಎಷ್ಟು ಎಂದು ಕೇಳಿದೆ. ನನಗೆ ಎಲ್ಲಿಗೂ ಹೋಗುವ ಅವಸರ ಇರಲಿಲ್ಲ. ಬರುವಾಗ ಎದುರಾದ ಪರಿಚಯದವರನ್ನು ನಾನೇ ಕರೆದು ಮಾತಾಡಿಸಿದೆ, ಇಲ್ಲಿದ್ದೆ ಎಂದು ಅವರಿಗೆ ನೆನಪಿರಲಿ ಎಂದು. ಸ್ವಲ್ಪ ದೂರ ನಡೆದ ಮೇಲೆ ಇದನ್ನೆಲ್ಲ ಯಾಕೆ ಮಾಡುತ್ತಿದ್ದೇನೆ ಎಂದು ಗೊತ್ತಾಯಿತು. ನೀವು ಕೇಳದಿದ್ದರೂ ನಿಮಗೆ ಉತ್ತರ ಕೂಡಿಡುತ್ತಿದ್ದೆ.

ಮನೆಗೆ ಬಂದು ಚೀಲ ಕೆಳಗಿಟ್ಟು ಅಪ್ಪನಿಗೆ ಬೇಡ ಎಂದೆ.

ಭುವನೇಶ್ವರಿ